ಅಬ್ರಹಾಮ ಬಲಿ ಕೊಡಲು ಕರೆದೊಯ್ದದ್ದು ಯಾವ ಮಗನನ್ನು?

ಹೊಸಪೇಟೆ ಹುಡುಗ
ಎಲ್ಲರಿಗೂ ನಮಸ್ಕಾರ. ಒಂದು ಅನುಮಾನ ಇದೆ, ಬಲ್ಲವರು ಹೇಳಿ. ಬಕ್ರೀದ್ ಮಾರನೇ ದಿನ ಆಫೀಸಿನ ಮುಸ್ಲಿಂ ಗೆಳೆಯ ಹಬ್ಬದ ಕಥೆ ಹೇಳಿದ. ಪ್ರವಾದಿ ಇಬ್ರಾಹಿಂ ಮಗ ಇಸ್ಮಾಯಿಲ್‌ನನ್ನು ದೇವರಿಗೆ ಬಲಿ ಕೊಡಲು ಹೊರಟರು, ಕೊನೇ ಗಳಿಗೆಯಲ್ಲಿ ದೇವರು ತಡೆದು ಟಗರು ಕೊಟ್ಟ ಅಂತ. ಪಕ್ಕದಲ್ಲಿ ಕೂತಿದ್ದ ಕ್ರಿಶ್ಚಿಯನ್ ಸಹೋದ್ಯೋಗಿ ‘ಇಸ್ಮಾಯಿಲ್ ಅಲ್ಲ ಮಾರಾಯ, ಇಸಾಕ’ ಅಂದಳು. ಇಬ್ಬರೂ ನಗುನಗುತ್ತಲೇ ಊಟದ ಹೊತ್ತು ಮುಗಿಯುವ ತನಕ ವಾದ ಮಾಡಿದರು. ನನಗೆ ತಲೆಬುಡ ತಿಳಿಯಲಿಲ್ಲ.

ಯೆಹೂದಿ, ಕ್ರೈಸ್ತ, ಇಸ್ಲಾಂ ಮೂರಕ್ಕೂ ಅಬ್ರಹಾಮನೇ ಮೂಲಪುರುಷ ಅಂತಾರೆ. ಹಾಗಿದ್ದರೆ ಕಥೆ ಯಾಕೆ ಬೇರೆ? ಇನ್ನು ಏನೇನು ಒಂದೇ, ಏನೇನು ಬೇರೆ? ವಿಡಿಯೋ ಹುಡುಕಿದರೆ ಬರೀ ಒಬ್ಬರನ್ನೊಬ್ಬರು ಬೈಯುವುದೇ ಸಿಗುತ್ತದೆ.

ತರ್ಕ
ಮೂರೂ ಒಂದೇ. ಬೋರ್ಡು ಮಾತ್ರ ಬೇರೆ. ಮುಗೀತು ಚರ್ಚೆ.

ನಿವೃತ್ತ ಮೇಷ್ಟ್ರು
ಅಷ್ಟು ಸುಲಭವಾಗಿ ಮುಗಿಯಲ್ಲ ತರ್ಕ ಅವರೇ.

ಹುಡುಗ ಕೇಳಿದ್ದಕ್ಕೆ ಮೊದಲು ಉತ್ತರ. ಬೈಬಲ್‌ನ ಆದಿಕಾಂಡ 22ನೇ ಅಧ್ಯಾಯದಲ್ಲಿ ಹೆಸರು ಸ್ಪಷ್ಟವಾಗಿದೆ: ಇಸಾಕ. ಜಾಗ ಮೊರೀಯ. ಇದು ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾದ (ಮೋಶೆಯ ಐದು ಪುಸ್ತಕ) ಭಾಗ. ಕ್ರೈಸ್ತರು ಅದನ್ನೇ ಹಳೆಯ ಒಡಂಬಡಿಕೆಯಲ್ಲಿ ಇಟ್ಟುಕೊಂಡರು. ಹಾಗಾಗಿ ಹೆಸರಿನ ವಿಷಯದಲ್ಲಿ ಅವರಿಬ್ಬರಿಗೆ ಜಗಳ ಇಲ್ಲ.

ಕುರ್‌ಆನ್‌ನ 37ನೇ ಅಧ್ಯಾಯದಲ್ಲೂ ಈ ಕಥೆ ಇದೆ. ಆದರೆ ಅಲ್ಲಿ ಮಗನ ಹೆಸರೇ ಇಲ್ಲ! ‘ನನ್ನ ಮಗನೇ, ನಿನ್ನನ್ನು ಬಲಿ ಕೊಡುವ ಕನಸು ಕಂಡೆ, ನೀನೇನು ಹೇಳುತ್ತೀ’ ಎಂದು ಅಪ್ಪ ಕೇಳುತ್ತಾನೆ. ಮಗ ಒಪ್ಪುತ್ತಾನೆ. ಅಷ್ಟೇ. ಮೊದಲ ಕೆಲವು ಶತಮಾನ ಮುಸ್ಲಿಂ ವಿದ್ವಾಂಸರಲ್ಲೇ ಎರಡು ಪಕ್ಷ ಇತ್ತು. 923ರಲ್ಲಿ ತೀರಿಹೋದ ಅಲ್ ತಬರಿ ದೊಡ್ಡ ವ್ಯಾಖ್ಯಾನಕಾರ. ಅವನು ಇಸಾಕನ ಕಡೆ ವಾಲಿದ. 1373ರಲ್ಲಿ ತೀರಿಹೋದ ಡಮಾಸ್ಕಸ್‌ನ ಇಬ್ನ್ ಕಸೀರ್ ‘ಅದು ಇಸ್ಮಾಯಿಲ್ಲೇ, ಇಸಾಕನ ಹೆಸರು ಯೆಹೂದಿ ಮೂಲದಿಂದ ನುಸುಳಿದ್ದು’ ಎಂದು ಗಟ್ಟಿಯಾಗಿ ವಾದಿಸಿದ. ಇಂದು ಮುಸ್ಲಿಮರಲ್ಲಿ ಬಹುತೇಕ ಎಲ್ಲರೂ ನಂಬುವುದು ಈ ಎರಡನೆಯದನ್ನು.

ಉಳ್ಳಾಲದವ
ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿದೆ. ಇಸ್ಮಾಯಿಲ್ ಅಂತ ಹೇಳುವುದಕ್ಕೆ ಕುರ್‌ಆನ್ ಒಳಗೇ ಕಾರಣ ಇದೆ. ಬಲಿಯ ಕಥೆ ಪೂರ್ತಿ ಮುಗಿದ ಮೇಲೆ, 112ನೇ ವಚನದಲ್ಲಿ ‘ಇಸ್‌ಹಾಕ್‌ನ ಶುಭವಾರ್ತೆ ಕೊಟ್ಟೆವು’ ಅಂತ ಬರುತ್ತದೆ. ಬಲಿಗೆ ಹೋದ ಮಗ ಅವನೇ ಆಗಿದ್ದರೆ ಆಮೇಲೆ ಮತ್ತೆ ಯಾಕೆ ಶುಭವಾರ್ತೆ?

ಇನ್ನೊಂದು. ಬೈಬಲ್‌ನಲ್ಲೇ ‘ನಿನ್ನ ಒಬ್ಬನೇ ಮಗ’ ಅಂತ ಇದೆ. ಬೈಬಲ್ ಲೆಕ್ಕದಲ್ಲೇ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಇಸಾಕ ಹುಟ್ಟಿದಾಗ 100. ಒಬ್ಬನೇ ಮಗ ಅಂತ ಹೇಳಬಹುದಾದದ್ದು ಆ 14 ವರ್ಷದಲ್ಲಿ ಮಾತ್ರ, ಅಲ್ವಾ?

ಬೆಂದೂರು ಬಾಯಿ
ಅದಕ್ಕೆ ಉತ್ತರ ಅದರ ಹಿಂದಿನ ಅಧ್ಯಾಯದಲ್ಲೇ ಇದೆ. 21ರಲ್ಲಿ ದಾಸಿ ಹಾಗರಳನ್ನೂ ಅವಳ ಮಗ ಇಷ್ಮಾಯೇಲನನ್ನೂ ಮನೆಯಿಂದ ಕಳಿಸಿ ಆಗಿತ್ತು. ಮನೆಯಲ್ಲಿ ಉಳಿದದ್ದು ಇಸಾಕ ಒಬ್ಬನೇ. ವಚನದಲ್ಲಿ ಹೆಸರನ್ನೇ ಬರೆದಿರುವಾಗ ಲೆಕ್ಕ ಹಾಕುವ ಕೆಲಸ ಯಾಕೆ?

ಉಳ್ಳಾಲದವ
ಕಳಿಸಿದರೆ ಮಗ ಮಗನಲ್ಲವಾ?

ಬೆಂದೂರು ಬಾಯಿ
ಅಯ್ಯೋ, ಆ ವಿಷಯದಲ್ಲಿ ನಾನು ಹಾಗರಳ ಕಡೆಯೇ. ಆ ಹೆಂಗಸಿಗೆ ಆದದ್ದು ಅನ್ಯಾಯ. ಒಂದು ತಿತ್ತಿ ನೀರು, ಒಂದಿಷ್ಟು ರೊಟ್ಟಿ ಕೊಟ್ಟು ಮಗುವಿನ ಜೊತೆ ಮರುಭೂಮಿಗೆ ಅಟ್ಟಿದರು.

ಬೀದರ್ ಬಿಸಿಲು
ಹಾಗರಳಿಗೆ ಇಸ್ಲಾಮಿನಲ್ಲಿ ಸಿಕ್ಕ ಮರ್ಯಾದೆ ನೋಡಿ. ಹಜ್‌ಗೆ ಹೋದವರೆಲ್ಲ ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ಬೀಬಿ ಹಾಜರಾ ಮಗುವಿಗೆ ನೀರು ಹುಡುಕುತ್ತಾ ಓಡಿದ ದಾರಿ ಅದು. ಝಮ್‌ಝಮ್ ನೀರು ಬಂದದ್ದು ಅಲ್ಲೇ. ರಾಜನೇ ಬರಲಿ, ಮಂತ್ರಿಯೇ ಬರಲಿ, ಒಬ್ಬ ದಾಸಿಯ ಹೆಜ್ಜೆ ಹಿಡಿದು ನಡೆಯಬೇಕು. ನಮ್ಮ ಅಮ್ಮ ಹಜ್ ಮುಗಿಸಿ ಬಂದ ಮೇಲೆ ಕಾಬಾಕ್ಕಿಂತ ಜಾಸ್ತಿ ಇದರ ಬಗ್ಗೆಯೇ ಮಾತಾಡಿದ್ದು.

ಬೆಂದೂರು ಬಾಯಿ
ಇದು ಚೆನ್ನಾಗಿದೆ. ನಮ್ಮಲ್ಲಿ ಸಂತ ಪೌಲ ಗಲಾತ್ಯರಿಗೆ ಬರೆದ ಪತ್ರದಲ್ಲಿ ಹಾಗರಳನ್ನು ಗುಲಾಮಗಿರಿಗೆ ಸಂಕೇತ ಮಾಡಿ ಕೈಬಿಟ್ಟ.

ತರ್ಕ
ಮಗನನ್ನು ಕೊಲ್ಲು ಅಂತ ಹೇಳುವ ದೇವರ ಬಗ್ಗೆ ಯಾರೂ ಮಾತಾಡಲ್ಲ. ಯಾವ ಮಗ ಅನ್ನುವುದೇ ದೊಡ್ಡ ವಿಷಯ 😀

ಹೈಫಾ ಹಕ್ಕಿ
ನಾನು ಉಡುಪಿ ಕಡೆಯವಳು. ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ತರ್ಕ ಅವರ ಪ್ರಶ್ನೆಯನ್ನೇ ನಾನು ನೋಡಿಕೊಳ್ಳುವ ಅಜ್ಜನಿಗೆ ಕೇಳಿದ್ದೆ. ಅಜ್ಜ ದೊಡ್ಡ ಓದುಗ. ಅವರು ಹೇಳಿದ್ದು ಇದು: ಹೊಸ ವರ್ಷದ ಹಬ್ಬ ರೋಶ್ ಹಶಾನಾದ ಎರಡನೇ ದಿನ ಈ ಕಥೆಯನ್ನೇ ಸಿನಗಾಗ್‌ನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಓದುತ್ತಾರೆ. ಟಗರಿನ ಕೊಂಬು ಊದುತ್ತಾರೆ, ಆ ಟಗರಿನ ನೆನಪಿಗೆ. ಆದರೆ ಯೆಹೂದಿಗಳು ಇದನ್ನು ‘ಬಲಿ’ ಅನ್ನುವುದಿಲ್ಲ, ‘ಕಟ್ಟಿದ್ದು’ ಅನ್ನುತ್ತಾರೆ. ಯಾಕೆಂದರೆ ಕಟ್ಟಿದ, ಕೊಲ್ಲಲಿಲ್ಲ.

ಇನ್ನೊಂದು ಮಜಾ. ಇಸಾಕ ಚಿಕ್ಕ ಹುಡುಗ ಅಂತ ನಾವು ಚಿತ್ರದಲ್ಲಿ ನೋಡುತ್ತೇವಲ್ಲ? ಅವರ ಹಳೇ ವ್ಯಾಖ್ಯಾನದಲ್ಲಿ ಒಂದು ಲೆಕ್ಕದ ಪ್ರಕಾರ ಅವನಿಗೆ ಆಗ 37 ವರ್ಷ! ಮುದುಕ ಅಪ್ಪ ಕಟ್ಟುವಾಗ ಸುಮ್ನೆ ಕಟ್ಟಿಸಿಕೊಂಡ ಅಂದರೆ ಒಪ್ಪಿಕೊಂಡೇ ಹೋಗಿದ್ದ ಅಂತ ಅರ್ಥ. ಕುರ್‌ಆನ್‌ನ ಮಗನ ಹಾಗೆಯೇ ಆಯಿತಲ್ಲ ಇದು?

ನಿವೃತ್ತ ಮೇಷ್ಟ್ರು
ಅದೇ ನಾನು ಹೇಳಬೇಕು ಅಂದುಕೊಂಡದ್ದು. ಕ್ರೈಸ್ತರೂ ಅದೇ ದಾರಿ ಹಿಡಿದರು. ಕಟ್ಟಿಗೆಯನ್ನು ಇಸಾಕನೇ ಹೊತ್ತು ಬೆಟ್ಟ ಹತ್ತಿದ, ಯೇಸು ಶಿಲುಬೆಯನ್ನು ತಾನೇ ಹೊತ್ತ. ಅಲ್ಲಿ ತಂದೆ ಮಗನನ್ನು ಉಳಿಸಿಕೊಂಡ, ಇಲ್ಲಿ ದೇವರು ತನ್ನ ಮಗನನ್ನು ಕೊಟ್ಟೇಬಿಟ್ಟ. ಅವರ ಓದು ಹೀಗೆ. ಒಂದೇ ಬೆಟ್ಟ, ಒಂದೇ ಚೂರಿ. ಯೆಹೂದಿಗೆ ಅದು ದೇವರ ಜೊತೆಗಿನ ಒಡಂಬಡಿಕೆ, ಕ್ರೈಸ್ತನಿಗೆ ಶಿಲುಬೆಯ ಮುನ್ಸೂಚನೆ, ಮುಸ್ಲಿಮನಿಗೆ ದೇವರಿಗೆ ಪೂರ್ತಿ ಶರಣಾದ ಅಪ್ಪ ಮಗ.

ಮೂರೂ ಒಂದೇ ಅನ್ನುವವರನ್ನೂ, ಮೂರಕ್ಕೂ ಸಂಬಂಧವೇ ಇಲ್ಲ ಅನ್ನುವವರನ್ನೂ ನಾನು ಒಪ್ಪಲ್ಲ. ಇದು ದಾಯಾದಿಗಳ ವ್ಯಾಜ್ಯ. ಹೊರಗಿನವನ ಜೊತೆ ಯಾರೂ ಇಷ್ಟು ಜಗಳ ಆಡಲ್ಲ. ಅಜ್ಜನ ಆಸ್ತಿ ಒಂದೇ, ಪತ್ರದಲ್ಲಿ ನನ್ನ ಹೆಸರೇ ಇದೆ ಅಂತ ಮೂವರೂ ಹೇಳುತ್ತಾರೆ.

ಪ್ರಶ್ನೆ ಮಾತ್ರ
ಹಾಗಾದರೆ ಯೆಹೂದಿ ಧರ್ಮ ಅಪ್ಪ, ಕ್ರೈಸ್ತ ಮಗ, ಇಸ್ಲಾಂ ಮೊಮ್ಮಗ. ಸರೀನಾ?

ನಿವೃತ್ತ ಮೇಷ್ಟ್ರು
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ನೋಡಿ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಸುಟ್ಟರು. ಅಲ್ಲಿಯವರೆಗೆ ಯೆಹೂದಿ ಧರ್ಮ ಅಂದರೆ ದೇವಾಲಯ, ಪುರೋಹಿತರು, ಪಶುಬಲಿ. ಅದು ನಿಂತೇಹೋಯಿತು. ಆಮೇಲೆ ರಬ್ಬಿಗಳು, ಅಂದರೆ ಧರ್ಮಪಂಡಿತರು, ಪ್ರಾರ್ಥನೆ, ಓದು, ನಿಯಮಗಳ ಸುತ್ತ ಧರ್ಮವನ್ನು ಮತ್ತೆ ಕಟ್ಟಿದರು. ಅವರ ನಿಯಮಗಳ ಗ್ರಂಥ ಮಿಶ್ನಾ ಸಂಕಲನ ಆದದ್ದು ಸುಮಾರು 200ರಲ್ಲಿ. ಅದರ ಮೇಲಿನ ಚರ್ಚೆಗಳ ಗ್ರಂಥ, ಬಾಬಿಲೋನಿಯಾದ ತಾಲ್ಮುದ್, ಇನ್ನೂ ಮೂರು ನಾಲ್ಕು ಶತಮಾನ ಆದ ಮೇಲೆ. ಅಷ್ಟು ಹೊತ್ತಿಗೆ ಹೊಸ ಒಡಂಬಡಿಕೆಯ ಪುಸ್ತಕಗಳು ಬರೆದು ಆಗಿದ್ದವು. ಅಂದರೆ ನಾವು ಇಂದು ನೋಡುವ ಯೆಹೂದಿ ಧರ್ಮ ಕ್ರೈಸ್ತ ಧರ್ಮಕ್ಕೆ ಅಪ್ಪನಿಗಿಂತ ಅಣ್ಣ ಅನ್ನುವುದೇ ಹೆಚ್ಚು ಸರಿ.

ಹೈಫಾ ಹಕ್ಕಿ
ಇದನ್ನು ಅಜ್ಜನಿಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ 😄 ಅವರ ಪ್ರಕಾರ ತಾಲ್ಮುದ್‌ನಲ್ಲಿ ಇರುವುದೂ ಸೀನಾಯ್ ಬೆಟ್ಟದಲ್ಲೇ ಮೋಶೆಗೆ ಬಾಯಿಮಾತಿನಲ್ಲಿ ಸಿಕ್ಕಿದ್ದು.

ಪ್ರಶ್ನೆ ಮಾತ್ರ
ಯೇಸುವಿನ ಬಗ್ಗೆ ಯಾರಾದರೂ ಹೇಳಿ. ಮುಸ್ಲಿಮರು ಯೇಸುವನ್ನು ಒಪ್ಪುತ್ತಾರೋ ಇಲ್ಲವೋ?

ಉಳ್ಳಾಲದವ
ಒಪ್ಪದಿದ್ದರೆ ನಾವು ಮುಸ್ಲಿಮರೇ ಅಲ್ಲ. ಈಸಾ ಅಲೈಹಿಸ್ಸಲಾಂ ದೊಡ್ಡ ಪ್ರವಾದಿ. ತಂದೆ ಇಲ್ಲದೆ ಕನ್ಯೆ ಮರ್ಯಮ್‌ಗೆ (ಮೇರಿಗೆ) ಹುಟ್ಟಿದವರು. ಕುರ್‌ಆನ್ ಅವರನ್ನು ಮಸೀಹ (ಮೆಸ್ಸೀಯ) ಎಂದೇ ಕರೆಯುತ್ತದೆ. ಲೋಕದ ಕೊನೆಗೆ ಮತ್ತೆ ಬರುತ್ತಾರೆ ಅಂತಲೂ ನಂಬುತ್ತೇವೆ. ಕುರ್‌ಆನ್‌ನಲ್ಲಿ ಹೆಸರು ಹಿಡಿದು ಹೇಳಿರುವ ಒಬ್ಬಳೇ ಹೆಣ್ಣು ಮರ್ಯಮ್. 19ನೇ ಅಧ್ಯಾಯಕ್ಕೆ ಅವಳದೇ ಹೆಸರು.

ಆದರೆ ದೇವರ ಮಗ ಅಲ್ಲ. ದೇವರಂತೂ ಅಲ್ಲವೇ ಅಲ್ಲ. ಶಿಲುಬೆಯಲ್ಲಿ ಸತ್ತಿಲ್ಲ, ಹಾಗೆ ಅವರಿಗೆ ತೋರಿತು ಅಷ್ಟೇ, ಅಲ್ಲಾಹ್ ತನ್ನ ಕಡೆಗೆ ಎತ್ತಿಕೊಂಡ. ಇದು 4ನೇ ಅಧ್ಯಾಯದಲ್ಲಿದೆ.

ಬೆಂದೂರು ಬಾಯಿ
ಅಲ್ಲಿಗೆ ನಮ್ಮ ಧರ್ಮದ ಬುಡವೇ ಹೋಯಿತು. ಶಿಲುಬೆ ಇಲ್ಲದಿದ್ದರೆ ಪುನರುತ್ಥಾನ ಇಲ್ಲ. ಅದಿಲ್ಲದಿದ್ದರೆ ನಂಬಿಕೆಯೇ ವ್ಯರ್ಥ ಅಂತ ಪೌಲನೇ ಬರೆದಿದ್ದಾನೆ. ಮರ್ಯಾದೆ ಕೊಡುತ್ತೀರಿ, ಸಂತೋಷ. ಆದರೆ ‘ಒಳ್ಳೆ ಪ್ರವಾದಿ’ ಅನ್ನುವುದು ನಮಗೆ ಸಾಲದು.

ಹೈಫಾ ಹಕ್ಕಿ
ಯೆಹೂದಿಗಳ ಲೆಕ್ಕ ಇನ್ನೂ ಬೇರೆ. ಅವರಿಗೆ ಯೇಸು ಪ್ರವಾದಿಯೂ ಅಲ್ಲ, ಬರಬೇಕಾದ ರಕ್ಷಕ ಮೆಸ್ಸೀಯನೂ ಅಲ್ಲ. ಮೆಸ್ಸೀಯ ಬಂದರೆ ಲೋಕದಲ್ಲಿ ಯುದ್ಧ ನಿಲ್ಲಬೇಕು. ನಿಂತಿದೆಯಾ, ಕಿಟಕಿ ತೆಗೆದು ನೋಡು ಅನ್ನುತ್ತಾರೆ ಅಜ್ಜ.

ತರ್ಕ
ಅಜ್ಜನಿಗೆ ನನ್ನ ಓಟು.

ಕಡಲ ತಡಿ
ಉಳ್ಳಾಲದವರು ಮರ್ಯಮ್ ಹೆಸರು ಎತ್ತಿದ್ದಕ್ಕೆ ಒಂದು ವಿಷಯ. ನಮ್ಮ ಮಂಗಳೂರು ಕಡೆ ಕ್ಯಾಥೊಲಿಕರು ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಮಾಡುತ್ತಾರೆ. ಮೇರಿ ಮಾತೆ ಹುಟ್ಟಿದ ದಿನ, ಜೊತೆಗೆ ಹೊಸ ತೆನೆ ಹಬ್ಬ. ಮಕ್ಕಳು ಹೂ ಹಾಕುವುದು ನೋಡಲು ಚಂದ. ಆದರೆ ಮೇರಿ ಹುಟ್ಟಿದ ಕಥೆ ಬೈಬಲ್‌ನಲ್ಲಿ ಎಲ್ಲೂ ಇಲ್ಲ! ಅವಳ ಅಪ್ಪ ಅಮ್ಮ ಯೊವಾಕಿಂ, ಅನ್ನಾ ಎಂಬುದು ಬೈಬಲ್ಲಿಗೆ ಸೇರದ ಒಂದು ಹಳೇ ಗ್ರಂಥದಿಂದ ಬಂದದ್ದು, ಯಾಕೋಬನ ಹೆಸರಿನಲ್ಲಿರುವ ಎರಡನೇ ಶತಮಾನದ್ದು. ಹುಟ್ಟುವ ಮೊದಲೇ ಮಗುವನ್ನು ದೇವರಿಗೆ ಹರಕೆ ಹೊತ್ತದ್ದು, ಮಗು ದೇವಾಲಯದಲ್ಲಿ ಬೆಳೆದದ್ದು, ದೇವರ ಕಡೆಯಿಂದಲೇ ಊಟ ಬಂದದ್ದು, ಎಲ್ಲ ಅಲ್ಲಿದೆ.

ಈಗ ಕುರ್‌ಆನ್‌ನ 3ನೇ ಅಧ್ಯಾಯ ತೆಗೆಯಿರಿ. ಮರ್ಯಮ್‌ಳ ತಾಯಿ, ಇಮ್ರಾನನ ಹೆಂಡತಿ, ಹೊಟ್ಟೆಯಲ್ಲಿದ್ದ ಮಗುವನ್ನೇ ದೇವರಿಗೆ ಹರಕೆ ಹೊರುತ್ತಾಳೆ. ಮರ್ಯಮ್ ಪ್ರಾರ್ಥನಾ ಕೋಣೆಯಲ್ಲಿ ಬೆಳೆಯುತ್ತಾಳೆ. ಅವಳ ಹೊಣೆ ಹೊತ್ತ ಝಕರಿಯಾ ನೋಡಲು ಬಂದಾಗಲೆಲ್ಲ ಅವಳ ಮುಂದೆ ಊಟ ಇರುತ್ತದೆ. ಈಸಾ ಜೇಡಿಮಣ್ಣಿನ ಹಕ್ಕಿ ಮಾಡಿ ಊದಿ ಜೀವ ಕೊಟ್ಟದ್ದೂ ಹಾಗೇ. ಅದು ಬೈಬಲ್‌ನಲ್ಲಿಲ್ಲ, ಯೇಸುವಿನ ಬಾಲ್ಯದ ಬಗ್ಗೆ ಇರುವ ಹೊರಗಿನ ಸುವಾರ್ತೆಯಲ್ಲಿದೆ, ಕುರ್‌ಆನ್‌ನಲ್ಲೂ ಇದೆ. ಪುಸ್ತಕಕ್ಕೆ ಸೇರದ ಕಥೆಗಳು ಜನರ ಬಾಯಲ್ಲಿ ಎರಡೂ ಕಡೆ ಓಡಾಡುತ್ತಿದ್ದವು. ನಮಗೆ ಇದು ಹೊಸದೇನಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ.

ಉಳ್ಳಾಲದವ
‘ಜನರ ಬಾಯಿಂದ ಬಂದದ್ದು’ ಅನ್ನುವುದನ್ನು ನಾನು ಒಪ್ಪಲ್ಲ. ನಮಗೆ ಕುರ್‌ಆನ್ ದೇವರ ಮಾತು. ಹಿಂದಿನ ಗ್ರಂಥಗಳಲ್ಲಿ ಸತ್ಯದ ಚೂರು ಉಳಿದಿತ್ತು, ಅದಕ್ಕೆ ಹೋಲಿಕೆ ಕಾಣುತ್ತದೆ.

ಕಡಲ ತಡಿ
ಸರಿ, ನೀವು ಹಾಗೆ ಓದಿ, ನಾನು ಹೀಗೆ ಓದುತ್ತೇನೆ. ಹೋಲಿಕೆ ಇರುವುದಂತೂ ಇಬ್ಬರಿಗೂ ಕಾಣುತ್ತಿದೆ.

ಪ್ರಶ್ನೆ ಮಾತ್ರ
ಜೈನ ರಾಮಾಯಣದ ಹೋಲಿಕೆ ಸರಿ ಬರಲ್ಲ ಅನ್ನಿಸಿತು. ನಮ್ಮಲ್ಲಿ ನೂರು ರಾಮಾಯಣ ಇದ್ದರೂ ‘ನಿನ್ನದು ತಪ್ಪು, ನನ್ನದೇ ಕೊನೇದು’ ಅಂತ ಯಾರೂ ಹೇಳಲ್ಲ.

ನಿವೃತ್ತ ಮೇಷ್ಟ್ರು
ಯಾರು ಹೇಳಿದ್ದು? ಜೈನ ಕವಿಗಳು ವೈದಿಕರ ಕಥೆ ಸುಳ್ಳು, ಕಪಿಗಳು ಕಪಿಗಳಲ್ಲ, ರಾಕ್ಷಸರು ರಾಕ್ಷಸರಲ್ಲ ಅಂತ ಹೇಳಿಯೇ ಶುರು ಮಾಡುತ್ತಿದ್ದದ್ದು.

ಕುಂದಾಪ್ರ ಕೋಳಿ
ಅಂತೂ ಯಾರಿಗೆ ಹಂದಿ, ಯಾರಿಗೆ ಸಿಗಡಿ, ಅದನ್ನು ಹೇಳಿ. ನನಗೆ ಬೇಕಾದ ವೇದಾಂತ ಅಷ್ಟೇ.

ಹೈಫಾ ಹಕ್ಕಿ
ನಾನು ಹೇಳುತ್ತೇನೆ, ನನ್ನ ದಿನಾ ಗೋಳೇ ಇದು. ಕಾಲುಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು, ಅಂಥ ಪ್ರಾಣಿ ಮಾತ್ರ ಯೆಹೂದಿಗಳಿಗೆ. ಹಂದಿ ಮೆಲುಕು ಹಾಕಲ್ಲ, ಔಟ್. ಒಂಟೆಯೂ ಔಟ್. ಮುಸ್ಲಿಮರಿಗೆ ಒಂಟೆ ಹಲಾಲ್. ಮೀನಿಗೆ ರೆಕ್ಕೆ, ಹುರುಪೆ ಎರಡೂ ಇರಬೇಕು. ಸಿಗಡಿ, ಏಡಿ, ಮರುವಾಯಿ ಏನೂ ಇಲ್ಲ. ಕರಾವಳಿಯವಳಿಗೆ ಇದು ಶಿಕ್ಷೆ.

ಮಾಂಸ, ಹಾಲು ಒಟ್ಟಿಗೆ ಇಲ್ಲ. ‘ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ’ ಅನ್ನುವ ಒಂದು ಸಾಲಿನಿಂದ ಅಡುಗೆಮನೆಯೇ ಎರಡಾಗಿದೆ. ಎರಡು ಸಿಂಕು, ಎರಡು ಬಗೆಯ ಪಾತ್ರೆ, ಎರಡು ಚಮಚದ ಡಬ್ಬ. ಮಾಂಸ ತಿಂದರೆ ಈ ಮನೆಯಲ್ಲಿ ಆರು ಗಂಟೆ ಹಾಲಿನ ಚಹಾ ಇಲ್ಲ. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವ ತನಕ ಲೈಟಿನ ಸ್ವಿಚ್ಚು ಮುಟ್ಟುವ ಹಾಗಿಲ್ಲ. ಅದು ಅವರ ವಿಶ್ರಾಂತಿ ದಿನ, ಶಬ್ಬಾತ್. ಕೆಲವು ಕಟ್ಟಡಗಳಲ್ಲಿ ಶಬ್ಬಾತ್ ಲಿಫ್ಟ್ ಇದೆ, ಗುಂಡಿ ಒತ್ತುವುದೇ ಬೇಡ, ಪ್ರತಿ ಮಹಡಿಯಲ್ಲೂ ತಾನೇ ನಿಲ್ಲುತ್ತದೆ.

ಉಳ್ಳಾಲದವ
ಸಿಗಡಿ ವಿಷಯ ನಮ್ಮಲ್ಲೂ ಇದೆ 😀 ನಾವು ಬ್ಯಾರಿಗಳು ಶಾಫಿ (ಇಸ್ಲಾಮಿನ ಧರ್ಮನಿಯಮದ ಒಂದು ಪಂಥ), ಭಟ್ಕಳದ ನವಾಯತರೂ ಶಾಫಿ. ಕಡಲಿನದೆಲ್ಲ ಹಲಾಲ್. ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿ ಪಂಥ. ಅವರಿಗೆ ನೀರಿನ ಪ್ರಾಣಿಯಲ್ಲಿ ಮೀನು ಮಾತ್ರ. ಸಿಗಡಿ ಮೀನು ಹೌದೋ ಅಲ್ಲವೋ ಅಂತ ಅವರೊಳಗೇ ಇನ್ನೂ ವಾದ ನಡೆಯುತ್ತಿದೆ.

ಬೀದರ್ ಬಿಸಿಲು
ನಾವು ಹನಫಿ. ಏಡಿ ತಿನ್ನಲ್ಲ. ಸಿಗಡಿ ಬಿರಿಯಾನಿ ಎದುರಿಗೆ ಬಂದರೆ ‘ತಿನ್ನಬಹುದು’ ಅನ್ನುವ ಆಲಿಮರ (ಧರ್ಮಪಂಡಿತರ) ಪಕ್ಷ ಸೇರಿಬಿಡುತ್ತೇನೆ.

ಬೆಂದೂರು ಬಾಯಿ
ನಮಗೆ ಎಲ್ಲ ನಡೆಯುತ್ತದೆ. ದುಕ್ರಾ ಮಾಸ್ (ಹಂದಿ ಮಾಂಸ) ಇಲ್ಲದೆ ಮಂಗಳೂರಿನಲ್ಲಿ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಮದುವೆ ಆಗುವುದುಂಟಾ? ಯೇಸುವಿನ ಶಿಷ್ಯ ಪೇತ್ರನಿಗೆ ಆಕಾಶದಿಂದ ಬಟ್ಟೆಯೊಂದು ಇಳಿಯುತ್ತದೆ, ಅದರ ತುಂಬಾ ಎಲ್ಲ ಬಗೆಯ ಪ್ರಾಣಿ. ‘ಕೊಂದು ತಿನ್ನು’ ಅಂತ ಧ್ವನಿ. ಪ್ರೇಷಿತರ ಕಾರ್ಯಕಲಾಪ 10ನೇ ಅಧ್ಯಾಯ.

ನಿವೃತ್ತ ಮೇಷ್ಟ್ರು
ಎಲ್ಲ ಕ್ರೈಸ್ತರೂ ಹಾಗಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಹಂದಿ ಮುಟ್ಟಲ್ಲ, ಸುನ್ನತಿಯನ್ನೂ ಮಾಡಿಸುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಶನಿವಾರವನ್ನೇ ಸಬ್ಬತ್ ಅಂತ ಆಚರಿಸುತ್ತಾರೆ, ಹಂದಿಯೂ ಇಲ್ಲ.

ಊಟಕ್ಕಿಂತ ಮೊದಲು ಜಗಳ ಆದದ್ದು ಸುನ್ನತಿಯ ಮೇಲೆ. ಯೇಸುವಿನ ಶಿಷ್ಯರೆಲ್ಲ ಯೆಹೂದಿಗಳು. ಬೇರೆ ಜನ ಗುಂಪಿಗೆ ಬರತೊಡಗಿದಾಗ ‘ಇವರೂ ಮೊದಲು ಸುನ್ನತಿ ಮಾಡಿಸಿ ಮೋಶೆಯ ನಿಯಮ ಹಿಡಿಯಬೇಕಾ’ ಅಂತ ಪ್ರಶ್ನೆ ಬಂತು. ಸುಮಾರು ಕ್ರಿ.ಶ. 49ರ ಹೊತ್ತಿಗೆ ಯೆರೂಸಲೇಮಿನಲ್ಲಿ ಸೇರಿ ‘ಬೇಡ’ ಅಂತ ತೀರ್ಮಾನಿಸಿದರು. ಎರಡು ಧರ್ಮ ಬೇರೆಯಾಗಲು ಶುರುವಾದದ್ದು ಅಲ್ಲಿ. ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು) ಸೂತ್ರ ಎಲ್ಲ ಆಮೇಲಿನದು, 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳಲ್ಲಿ ಗಟ್ಟಿಯಾದದ್ದು. ಯೆಹೂದಿ, ಮುಸ್ಲಿಂ ಇಬ್ಬರೂ ಅದನ್ನು ಒಪ್ಪುವುದೇ ಇಲ್ಲ. ದೇವರು ಒಬ್ಬನೇ, ಪಾಲಿಲ್ಲ, ಮಗನಿಲ್ಲ.

ಹುಟ್ಟಿನಿಂದಲೇ ಅಂಟಿಕೊಂಡ ಪಾಪ ಅನ್ನುವುದೂ ಕ್ರೈಸ್ತರಲ್ಲಿ ಮಾತ್ರ. ಆದಾಮ ಹಣ್ಣು ತಿಂದ, ಬೇಡಿಕೊಂಡ, ದೇವರು ಕ್ಷಮಿಸಿದ, ಅಲ್ಲಿಗೆ ಮುಗೀತು ಅನ್ನುತ್ತದೆ ಕುರ್‌ಆನ್. ಯೆಹೂದಿಗಳೂ ಆ ಹೊರೆ ಹೊರಲ್ಲ. ಪಾಪ ಹಾಗೆ ಅಂಟಿಲ್ಲ ಅಂದ ಮೇಲೆ ಬಿಡಿಸಲು ಶಿಲುಬೆ ಯಾಕೆ? ಬಾಯಿಯವರು ಮೇಲೆ ಹೇಳಿದ ‘ಬುಡ’ ಇದೇ.

ಖಾರ ಮಂಡಕ್ಕಿ
ಇದೆಲ್ಲ ಬಿಡಿ, ಗಾಜಾ ಬಗ್ಗೆ ನಿಮ್ಮ ನಿಲುವೇನು? ಮೊದಲು ಅದನ್ನು ಹೇಳಿ.

ನಿರ್ವಾಹಕ
ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ಬೇಡ. ಮುಂದೆ ಬಂದರೆ ತೆಗೆಯುತ್ತೇನೆ.

ಹೊಸಪೇಟೆ ಹುಡುಗ
ಒಂದು ಸಣ್ಣ ಪ್ರಶ್ನೆ. ರಂಜಾನ್ ಒಂದು ವರ್ಷ ಬೇಸಿಗೆಯಲ್ಲಿ ಬರುತ್ತದೆ, ಇನ್ನೊಂದು ಕಾಲಕ್ಕೆ ಮಳೆಯಲ್ಲಿ. ಯೆಹೂದಿ ಹಬ್ಬಗಳೂ ಹಾಗೇನಾ?

ಕಡಲ ತಡಿ
ಇಲ್ಲ. ಯೆಹೂದಿ ಪಂಚಾಂಗ ನಮ್ಮ ಚಾಂದ್ರಮಾನದ ಹಾಗೆ. 19 ವರ್ಷದಲ್ಲಿ 7 ಸಲ ಅಧಿಕ ಮಾಸ. ನಮ್ಮಲ್ಲಿ ಅಧಿಕ ಬೇರೆ ಬೇರೆ ತಿಂಗಳಿಗೆ ಬರುತ್ತದೆ, ಅವರಲ್ಲಿ ಯಾವಾಗಲೂ ಅದಾರ್ ತಿಂಗಳಿಗೇ. ಹಾಗಾಗಿ ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬ ವಸಂತದಲ್ಲೇ ಉಳಿಯುತ್ತದೆ. ಕುರ್‌ಆನ್ 9ನೇ ಅಧ್ಯಾಯ ವರ್ಷಕ್ಕೆ ಹನ್ನೆರಡೇ ತಿಂಗಳು ಅಂದಿತು, ತಿಂಗಳನ್ನು ಹಿಂದೆ ಮುಂದೆ ತಳ್ಳುವುದನ್ನು ನಿಷೇಧಿಸಿತು. ಅದಕ್ಕೇ 354 ದಿನದ ವರ್ಷ, ಹಬ್ಬ ಪ್ರತಿ ಸಲ 10-11 ದಿನ ಹಿಂದಕ್ಕೆ. ಕ್ರೈಸ್ತರು ಕ್ರಿಸ್ಮಸ್ಸಿಗೆ ಸೂರ್ಯನನ್ನು ಹಿಡಿದರು, ಈಸ್ಟರ್‌ಗೆ ಹುಣ್ಣಿಮೆಯನ್ನು ಬಿಡಲಿಲ್ಲ. ಗುಡ್ ಫ್ರೈಡೇ ರಜೆ ಓಡಾಡುವುದು ಅದಕ್ಕೇ.

ಬೀದರ್ ಬಿಸಿಲು
ಮೊಹರಂ 10ನೇ ದಿನದ ಉಪವಾಸವೂ ಯೆಹೂದಿಗಳ ನಂಟಿನದೇ. ಪ್ರವಾದಿ ಮದೀನಾಕ್ಕೆ ಬಂದಾಗ ಯೆಹೂದಿಗಳು ಉಪವಾಸ ಇದ್ದರು. ಮೂಸಾ (ಮೋಶೆ) ಈಜಿಪ್ಟಿನ ರಾಜ ಫರೋಹನಿಂದ ಪಾರಾದ ದಿನ ಅಂದರು. ‘ಮೂಸಾನ ಮೇಲೆ ನಮಗೆ ಇನ್ನೂ ಹೆಚ್ಚು ಹಕ್ಕು’ ಅಂತ ಪ್ರವಾದಿಯೂ ಉಪವಾಸ ಹಿಡಿದರು ಅಂತ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ಇದೆ. 680ರಲ್ಲಿ ಅದೇ ದಿನ ಕರ್ಬಲಾದಲ್ಲಿ ಇಮಾಂ ಹುಸೇನರು ಹುತಾತ್ಮರಾದರು. ಈಗ ನಮ್ಮ ಕಡೆ ಹಳ್ಳಿಗಳಲ್ಲಿ ಮೊಹರಂಗೆ ಅಲಾಯಿ ಕುಣಿತ ಮಾಡುವವರಲ್ಲಿ ಅರ್ಧಕ್ಕರ್ಧ ಹಿಂದೂಗಳು. ಮೂಸಾ ಎಲ್ಲಿ, ಕಲಬುರಗಿ ಎಲ್ಲಿ!

ಅಬುಧಾಬಿ ಅಣ್ಣ
ಮೂರೂ ಒಂದೇ ಕಾಂಪೌಂಡಿನಲ್ಲಿ ನೋಡಬೇಕಾದರೆ ಇಲ್ಲಿಗೆ ಬನ್ನಿ. ಸಾದಿಯಾತ್ ದ್ವೀಪದಲ್ಲಿ ಅಬ್ರಹಾಮಿಕ್ ಫ್ಯಾಮಿಲಿ ಹೌಸ್ ಅಂತ 2023ರಲ್ಲಿ ತೆರೆದರು. ಮಸೀದಿ, ಚರ್ಚು, ಸಿನಗಾಗ್. ಮೂರೂ ಒಂದೇ ಅಳತೆಯ ಚೌಕ ಕಟ್ಟಡ, ಒಂದೊಂದು 30 ಮೀಟರ್. ಆದರೆ ಮುಖ ಮೂರು ಕಡೆ. ಮಸೀದಿ ಮೆಕ್ಕಾ ಕಡೆ, ಸಿನಗಾಗ್ ಯೆರೂಸಲೇಮ್ ಕಡೆ, ಚರ್ಚಿನ ಪೀಠ ಪೂರ್ವಕ್ಕೆ.

ಉಳ್ಳಾಲದವ
ಮೊದಲು ನಾವೂ ಯೆರೂಸಲೇಮ್ ಕಡೆಗೇ ನಮಾಜ್ ಮಾಡುತ್ತಿದ್ದದ್ದು. ಹಿಜರಿ 2ರಲ್ಲಿ, ಅಂದರೆ 624ರಲ್ಲಿ, ಮೆಕ್ಕಾ ಕಡೆ ತಿರುಗಿದ್ದು.

ತರ್ಕ
ಸರ್ಕಾರ ಕಟ್ಟಿಸಿದ ಸೌಹಾರ್ದ. ಅಣ್ಣ, ಅಲ್ಲಿ ಟಿಕೆಟ್ ಎಷ್ಟು?

ಅಬುಧಾಬಿ ಅಣ್ಣ
ಸುಮ್ನೆ ಕಾಲೆಳೀಬೇಡಿ. ಅಲ್ಲಿನ ಸಿನಗಾಗ್‌ಗೆ ಮೋಸೆಸ್ ಬೆನ್ ಮೈಮನ್ ಅಂತ ಹೆಸರು ಇಟ್ಟಿದ್ದಾರೆ. ಆತ ಯಾರು ಅಂತ ಮೇಷ್ಟ್ರು ಹೇಳಲಿ.

ನಿವೃತ್ತ ಮೇಷ್ಟ್ರು
ಮೈಮೊನಿಡೀಸ್ ಅಂತಲೂ ಕರೆಯುತ್ತಾರೆ. 1138ರ ಹೊತ್ತಿಗೆ ಸ್ಪೇನಿನ ಕೊರ್ದೊಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ಸತ್ತ ಯೆಹೂದಿ ಪಂಡಿತ. ಈಜಿಪ್ಟಿನ ಸುಲ್ತಾನ ಸಲಾದೀನನ ಆಸ್ಥಾನದ ವೈದ್ಯ. ಅವನ ದೊಡ್ಡ ತತ್ವಗ್ರಂಥ ಇರುವುದು ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಅವನ ಒಂದು ತೀರ್ಪು ಕೇಳಿ. ಇಸ್ಲಾಂ ಶುದ್ಧ ಏಕದೇವತ್ವ, ಕ್ರೈಸ್ತ ಧರ್ಮ ಅಲ್ಲ ಅಂದ. ಆದರೂ ತೋರಾವನ್ನು ಕ್ರೈಸ್ತರಿಗೆ ಕಲಿಸಬಹುದು, ಮುಸ್ಲಿಮರಿಗೆ ಬೇಡ ಅಂದ! ಯಾಕೆಂದರೆ ಕ್ರೈಸ್ತರು ನಮ್ಮ ಪಠ್ಯವನ್ನು ಹಾಗೇ ಒಪ್ಪುತ್ತಾರೆ, ಅರ್ಥ ಮಾತ್ರ ತಪ್ಪು ಮಾಡುತ್ತಾರೆ. ಮುಸ್ಲಿಮರು ಪಠ್ಯವೇ ಬದಲಾಗಿದೆ ಅನ್ನುತ್ತಾರೆ. ದೇವರ ವಿಷಯದಲ್ಲಿ ಒಬ್ಬರು ಹತ್ತಿರ, ಪುಸ್ತಕದ ವಿಷಯದಲ್ಲಿ ಇನ್ನೊಬ್ಬರು. ‘ಯಾರಿಗೆ ಯಾರು ಹತ್ತಿರ’ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಅವನ ತಮ್ಮ ದಾವೀದ್ ವ್ಯಾಪಾರಕ್ಕೆ ಭಾರತದ ಕಡೆ ಹೊರಟು ಸಮುದ್ರದಲ್ಲಿ ಮುಳುಗಿ ಸತ್ತ. ಆ ದುಃಖದಲ್ಲಿ ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ.

ಕಡಲ ತಡಿ
ಭಾರತದ ಕಡೆ ಅಂದಿರಿ, ನಮ್ಮ ಮಂಗಳೂರಿನ ಕಥೆ ಹೇಳದಿದ್ದರೆ ಹೇಗೆ? ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯೆಹೂದಿ ವ್ಯಾಪಾರಿ. ಈಗಿನ ಟುನೀಶಿಯಾದ ಮಹ್ದಿಯಾ ಊರಿನವನು. ಯೆಮನ್‌ನ ಬಂದರು ಏಡನ್ ಮೂಲಕ ಇಲ್ಲಿಗೆ ಬಂದು 1132ರಿಂದ 1149ರ ತನಕ ಹೆಚ್ಚಿನ ಕಾಲ ಕಳೆದದ್ದು ಈ ಕರಾವಳಿಯಲ್ಲೇ. ಆಗ ಇಲ್ಲಿ ಅಳುಪರ ಆಳ್ವಿಕೆ. ಕಾಳುಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಹಿತ್ತಾಳೆ ಕಂಚಿನ ಕಾರ್ಖಾನೆ ಇಟ್ಟಿದ್ದ. 1132ರ ಅಕ್ಟೋಬರ್‌ನಲ್ಲಿ ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವಳೇ ಅವನ ಮಕ್ಕಳ ತಾಯಿ ಅಂತ ಇತಿಹಾಸಕಾರರು ಹೇಳುತ್ತಾರೆ. ಬೊಮ್ಮ ಎಂಬ ಆಳು ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡು ಬರುತ್ತಿದ್ದ.

ಇವನ ಪತ್ರಗಳೂ ಅರಬ್ಬಿ ಭಾಷೆ, ಹೀಬ್ರೂ ಲಿಪಿ. ದೇವರ ಹೆಸರಿರುವ ಕಾಗದ ಎಸೆಯಬಾರದು ಅಂತ ಕೈರೋದ ಹಳೇ ಸಿನಗಾಗ್‌ನ ಒಂದು ಕೋಣೆಗೆ ತುಂಬುತ್ತಿದ್ದರು. ಅಂಗಡಿ ಲೆಕ್ಕದ ಚೀಟಿಗಳೂ ಅದರ ಜೊತೆ ಸೇರಿ ಉಳಿದವು. 1896-97ರಲ್ಲಿ ಅದರ ಬಹುಪಾಲು ಕೇಂಬ್ರಿಜ್‌ಗೆ ಹೋಯಿತು. ಇಲ್ಲದಿದ್ದರೆ ನಮ್ಮ ಬೊಮ್ಮನ ಹೆಸರು ಯಾರಿಗೆ ಗೊತ್ತಾಗುತ್ತಿತ್ತು?

ಕುಂದಾಪ್ರ ಕೋಳಿ
ಮಂಗಳೂರಿನಲ್ಲಿ 17 ವರ್ಷ ಇದ್ದು ಸಿಗಡಿ ತಿನ್ನಲಿಲ್ಲವಾ ಪಾಪ?

ಉಳ್ಳಾಲದವ
😂😂

ಪ್ರಶ್ನೆ ಮಾತ್ರ
ಕೊನೇ ಪ್ರಶ್ನೆ. ಈ ಮೂರರಲ್ಲಿ ಯಾವುದಕ್ಕೆ ಬೇಕಾದರೂ ಹೊರಗಿನವರು ಸೇರಬಹುದಾ?

ಹೈಫಾ ಹಕ್ಕಿ
ಯೆಹೂದಿ ಆಗುವುದು ಕಷ್ಟ. ‘ಆಗುತ್ತೇನೆ’ ಅಂತ ಹೋದರೆ ರಬ್ಬಿಗಳು ಮೊದಲು ‘ಯಾಕೆ ಬೇಕು ನಿನಗೆ’ ಅಂತ ವಾಪಸ್ ಕಳಿಸುವ ಪದ್ಧತಿ. ಯೆಹೂದಿ ಅಲ್ಲದವರು ನೋಹನಿಗೆ ಕೊಟ್ಟ ಏಳು ನಿಯಮ ಪಾಲಿಸಿದರೆ ಸಾಕು ಅನ್ನುತ್ತಾರೆ. ಪ್ರಚಾರ ಮಾಡುವುದು ಇನ್ನಿಬ್ಬರು.

ಸುಮ್ನೆ ಓದುವವಳು
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಯೆಹೂದಿಗಳ ಹತ್ತಿರದ ಇನ್ನೊಂದು ಹಳೇ ಸಮುದಾಯ ಸಮಾರಿಯರನ್ನು ಎಲ್ಲರೂ ಮರೆತಿರಿ. ಈಗ ಸಾವಿರಕ್ಕೂ ಕಡಿಮೆ ಜನ, ವೆಸ್ಟ್ ಬ್ಯಾಂಕಿನ ನಾಬ್ಲಸ್ ಪಕ್ಕದ ಗೆರಿಜೀಮ್ ಬೆಟ್ಟದ ಮೇಲೆ ಮತ್ತು ಇಸ್ರೇಲಿನ ಹೊಲೊನ್‌ನಲ್ಲಿ ಇದ್ದಾರೆ. ಮೋಶೆಯ ಐದು ಪುಸ್ತಕ ಬಿಟ್ಟು ಬೇರೇನೂ ಒಪ್ಪಲ್ಲ. ಪಸ್ಕಕ್ಕೆ ಇಂದಿಗೂ ಬೆಟ್ಟದ ಮೇಲೆ ಕುರಿ ಬಲಿ ಕೊಡುತ್ತಾರೆ. ಅಬ್ರಹಾಮ ಮಗನನ್ನು ಕರೆದೊಯ್ದ ಬೆಟ್ಟ ಯೆರೂಸಲೇಮ್ ಅಲ್ಲ, ಮೆಕ್ಕಾ ಪಕ್ಕದ ಮಿನಾ ಅಲ್ಲ, ನಮ್ಮ ಗೆರಿಜೀಮೇ ಅನ್ನುತ್ತಾರೆ.

ನಿವೃತ್ತ ಮೇಷ್ಟ್ರು
ನಾಲ್ಕನೇ ದಾಯಾದಿಯೂ ಪತ್ರ ಹಿಡಿದು ಬಂದ. ಮಗನ ಹೆಸರು ಅವರಲ್ಲಿ ಇಸಾಕನೇ, ಜಗಳ ಬೆಟ್ಟದ ಮೇಲೆ.

ಹೈಫಾ ಹಕ್ಕಿ
ಹಾಗಾದರೆ ಬಹಾಯಿಗಳು? ಅವರ ಕೇಂದ್ರ ನಾನಿರುವ ಊರಿನಲ್ಲೇ. ಅಬ್ರಹಾಂ, ಮೋಶೆ, ಯೇಸು, ಮುಹಮ್ಮದ್ ಎಲ್ಲರನ್ನೂ ಒಪ್ಪುತ್ತಾರೆ, ಕೃಷ್ಣ, ಬುದ್ಧರನ್ನೂ ಸೇರಿಸಿ.

ನಿರ್ವಾಹಕ
ಬಹಾಯಿಗೆ ಹೊಸ ಎಳೆ ತೆರೆಯಿರಿ. ಸಿಗಡಿಗೂ.